ಕಿಟಕಿಗೆ ಬಂದ ಸಿಡಿಲು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಆಕೆ ಠಾಣೆಗೆ ಬಂದಾಗ ಗಂಡ ಸಿಡಿಲು ಬಡಿದು ಸತ್ತು ಮೂರು ದಿನವಾಗಿತ್ತು. ಸಿಡಿಲಿನ ಮೇಲೆ ದೂರು ಬರೆದುಕೊಳ್ಳುವ ರೂಢಿ ಠಾಣೆಗಿರಲಿಲ್ಲ.

"ಇರಚಲು ಹೊಡೀತಿದೆ, ಕಿಟಕಿ ಮುಚ್ಚಿ ಅಂತ ನಾನೇ ಅಂದೆ ಸಾರ್. ಅವರು ಸರಳು ಹಿಡಿದ್ರು, ಅಷ್ಟೆ. ನೀನೇ ಕಳಿಸಿ ಕೊಂದೆ ಅಂತಾರೆ ನಮ್ಮತ್ತೆ. ನಾನೇ ಕೊಂದ್ನಾ?"

"ಮಾಳಿಗೆ ಮೇಲೆ ಟಿ.ವಿ. ಆಂಟೆನಾ ಇದೆಯೇನಮ್ಮ?" ಇನ್ಸ್‌ಪೆಕ್ಟರ್ ಕೇಳಿದರು.

"ಇದೆ. ಅರ್ಥಿಂಗೂ ಇದೆ. ಮೈದುನ ವೈರಿಂಗ್ ಕೆಲಸದವನು, ಅವನೇ ಹಾಕಿದ್ದು. ದಿನಾ ಅರ್ಥಿಂಗ್ ಗುಂಡಿಗೆ ಒಂದು ಬಕೆಟ್ ನೀರು ಹಾಕ್ತಾನೆ. ನೆಲ ಒದ್ದೆ ಇದ್ರೇನೇ ಸಿಡಿಲು ಕೆಳಗಿಳಿಯೋದಂತೆ."

11.45ಕ್ಕೆ ಪಂಚರಿಬ್ಬರ ಸಮಕ್ಷಮ ಸ್ಥಳ ಪರಿಶೀಲನೆ. ಆಂಟೆನಾ ಕಂಬದಿಂದ ತಾಮ್ರದ ತಂತಿ ಹಿಂಗೋಡೆಯ ಮೇಲೆ ನೆಟ್ಟಗೆ ಇಳಿದು ಗೋಡೆಗೆ ಹಬ್ಬಿದ ಬಳ್ಳಿಯೊಳಗೆ ಮರೆಯಾಗಿತ್ತು. ಗೋಡೆಯ ಬುಡದಲ್ಲಿ ಒದ್ದೆ ಗುಂಡಿ, ಗುಂಡಿಯಲ್ಲಿ ಪೈಪು, ಪೈಪಿಗೆ ಕ್ಲಾಂಪು. ತಂತಿ ಮಾತ್ರ ಇರಲಿಲ್ಲ. ಕ್ಲಾಂಪಿನ ಬಾಯಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

"ಬರೀ ಪೈಪಿಗೆ ನೀರು ಹಾಕಿ ಬೆಳೆಸ್ತಿದ್ನಾ ಸಾರ್?" ಎಂದ ಹೆಡ್ ಕಾನ್‌ಸ್ಟೆಬಲ್.

ಬಳ್ಳಿ ಸರಿಸಿದರು. ತಂತಿ ಅಡ್ಡ ತಿರುಗಿ ಕಿಟಕಿಯ ಸರಳಿಗೆ ಸೇರಿತ್ತು. ಎಂಟು ಸುತ್ತು, ಬೆಸುಗೆ, ಮೇಲೆ ಕಿಟಕಿಯದೇ ಬಣ್ಣ. ಅಷ್ಟು ಅಚ್ಚುಕಟ್ಟು ಕೆಲಸ ಠಾಣೆಯ ಕಟ್ಟಡದಲ್ಲೂ ಇರಲಿಲ್ಲ. ಪಂಚನಾಮೆಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ.

ಎದುರುಮನೆಯ ದರ್ಜಿ ಹೇಳಿಕೆ ಕೊಟ್ಟ: "ಎರಡು ಮಳೆಗಾಲದಿಂದ ನೋಡ್ತಿದ್ದೀನಿ ಸಾರ್. ಮೋಡ ಕವಿದ್ರೆ ಸಾಕು, ಮೈದುನ ರಸ್ತೆಗೆ ಬಂದು ಆಂಟೆನಾ ನೋಡ್ತಾ ನಿಲ್ತಾನೆ. ಬಸ್ಸಿಗೆ ಕಾಯೋರ ಹಾಗೆ."

ಮಧ್ಯಾಹ್ನ 2.10ಕ್ಕೆ, ಮೂರು ದಿನದ ಹಿಂದೆ ತೆರೆದಿದ್ದ ಅಸಹಜ ಸಾವಿನ ಕಡತ ಮುಚ್ಚಿ ಕೊಲೆಯ ಎಫ್.ಐ.ಆರ್. ದಾಖಲಾಯಿತು. 4.30ಕ್ಕೆ ಮೈದುನ ಇನ್ಸ್‌ಪೆಕ್ಟರ್ ಮುಂದೆ ಕೂತಿದ್ದ.

"ಕಿಟಕಿಗೆ ತಂತಿ ಜೋಡಿಸಿದ್ದು ಯಾರು?"

"ನಾನೇ." ಮುಂದಕ್ಕೆ ಬಾಗಿ ಕೇಳಿದ, "ಹೇಗಿದೆ ಸಾರ್, ಕೆಲಸ?"

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಅತ್ತಿಗೆ ಮುಟ್ಟಿದ್ರೆ?"

"ಮುಟ್ಟಲ್ಲ. ಯಾರು ಮುಚ್ಚಿದ್ರೂ ಅಣ್ಣ ತೆಗೆದು ತಾನೇ ಮತ್ತೆ ಮುಚ್ಚೋನು. ಅದಕ್ಕೇ ಅವಳು ಆ ಕಿಟಕಿ ತಂಟೆಗೇ ಹೋಗ್ತಿರಲಿಲ್ಲ."

5.15ಕ್ಕೆ ಬಂಧನ. ಹೊರಗೆ ಬೆಂಚಿನ ಮೇಲೆ ಕಾದಿದ್ದ ಆಕೆ ಎದ್ದು ನಿಂತಳು.

"ನಾನು ಹೇಳದೇ ಇದ್ದಿದ್ರೆ, ಸಾರ್?"

"ಅವರಾಗೇ ಎದ್ದು ಹೋಗ್ತಿದ್ರಮ್ಮ. ನಿಮ್ಮತ್ತೆಗೆ ನಾನೇ ಬಂದು ಹೇಳ್ತೀನಿ."

ಜೀಪು ಹತ್ತುವಾಗ ಆರೋಪಿ ತಲೆಯೆತ್ತಿ ಒಮ್ಮೆ ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ.

ಅವನ ಹೇಳಿಕೆಯ ಕೊನೆಯ ಸಾಲುಗಳು ಕಡತದಲ್ಲಿ ಹೀಗಿವೆ: "ಕೆಲಸ ಕಲಿತಂದಿನಿಂದ ನಾನು ಹಾಕಿದ ಒಂದೊಂದು ಜೋಡಣೆಯನ್ನೂ ಅಣ್ಣ ನಾಲ್ಕು ಜನರೆದುರು ಬಿಚ್ಚಿ, ತಾನು ಮತ್ತೆ ಹಾಕುತ್ತಿದ್ದ. ಇದೊಂದನ್ನು ಬಿಚ್ಚಲಿಲ್ಲ."