ಪರದೆಯ ಹಿಂದಿನ ಬಾಕ್ಸ್

"ರಟ್ಟಿನ ಕೋಟೆ ಅಂದ್ರೆ ಇದೇನಾ?"

ರಾಫಿಯಾ ತಲೆ ಎತ್ತಿದಳು. ಬಾಗಿಲಲ್ಲಿ ನಿಂತವನ ರೈನ್‌ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಮುಖದ ತುಂಬ ಸಿಟ್ಟು. ಆದರೂ... ಎಂಥ ಕಣ್ಣುಗಳು!

"ಹೌದು. ಎಂತ ಬೇಕಿತ್ತು?"

ಅವನು ಚೀಲವನ್ನು ಅವಳ ಮೇಜಿನ ಮೇಲೆ ಬೋರಲು ಹಾಕಿದ. ರಟ್ಟಿನ ಪುಟ್ಟ ಬಿಲ್ಲೆಗಳು ಸುರಿದವು. ಒಂದರ ಮೇಲೆ ಹಡಗು, ಇನ್ನೊಂದರ ಮೇಲೆ ಫಿರಂಗಿ, ಮತ್ತೊಂದರ ಮೇಲೆ ಬಿಲ್ಲುಗಾರರು. ಎಲ್ಲವೂ ಬಿಸಿಲಿಗಿಟ್ಟ ಹಪ್ಪಳದಂತೆ ಬಾಗಿದ್ದವು.

"ನೋಡಿ, ಇದು ನಿಮ್ಮ ಪರಂಗಿ ಹಡಗು. ನಕ್ಷೆಯ ಮೇಲೆ ಇಟ್ರೆ ಗಾಳಿ ಇಲ್ಲದೆಯೇ ತಿರುಗ್ತದೆ ಮಾರಾಯ್ರೆ!"

ರಾಫಿಯಾಳಿಗೆ ನಗು ಬರಬೇಕಿತ್ತು. ಬರಲಿಲ್ಲ.

ಮೂಡಬಿದಿರೆಯ ಪೇಟೆಯಲ್ಲಿ ಅಬ್ದುಲ್ ರವೂಫ್ ಅವರ ಪುಸ್ತಕ ಪೆನ್ನಿನ ಅಂಗಡಿ ಎಲ್ಲರಿಗೂ ಗೊತ್ತು. ಆ ಅಂಗಡಿಯ ಮಹಡಿಯ ಕೋಣೆಯಲ್ಲಿ 'ರಟ್ಟಿನ ಕೋಟೆ' ಎಂಬ ಹೆಸರಿನಲ್ಲಿ ಅವರ ಮಗಳು ಯುದ್ಧ ಮಾಡಿಸುತ್ತಾಳೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಮೇಜಿನ ಮೇಲೆ ಆಡುವ ಯುದ್ಧದಾಟಗಳು. ನಕ್ಷೆ ಬಿಡಿಸುವವಳು, ನಿಯಮ ಬರೆಯುವವಳು, ಪ್ರೆಸ್ಸಿಗೆ ಅಲೆಯುವವಳು, ಬಾಕ್ಸ್ ಕಟ್ಟಿ ಕಳಿಸುವವಳು ಎಲ್ಲ ರಾಫಿಯಾಳೇ. 'ಉಳ್ಳಾಲದ ಕಡಲು' ಅವಳ ದೊಡ್ಡ ಆಟ. ಮೊದಲ ಬಾಕ್ಸಿನ ಯುದ್ಧ ಒಂದು ಕದನವಿರಾಮಕ್ಕೆ ಬಂದು ನಿಲ್ಲುತ್ತದೆ. ಸೋಲು ಗೆಲುವು ತೀರ್ಮಾನವಾಗಬೇಕಾದರೆ ಎರಡನೇ ಬಾಕ್ಸ್ ಬೇಕು.

ಆದರೆ ನಮ್ಮ ಕಡೆಯ ಪ್ರೆಸ್ಸಿನವರನ್ನು ಕೇಳಿ ನೋಡಿ! ದೀಪಾವಳಿ ಕಳೆದರೆ ಮದುವೆ ಕಾಗದ, ಅದರ ಜೊತೆಗೆ ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್. ಇವಳ ರಟ್ಟಿನ ಸೈನ್ಯಕ್ಕೆ ಸರದಿ ಸಿಗುವುದು ಮಳೆಗಾಲದಲ್ಲಿ ಮಾತ್ರ. ಆಟಿ ತಿಂಗಳ ಮಳೆಯ ತೇವ ಹೀರಿದ ರಟ್ಟು ಬಾಕ್ಸಿನಲ್ಲಿ ಒಣಗಿ ಬಾಗುತ್ತದೆ. ಅದೂ ಕೆಲವೇ ಪ್ರತಿಗಳು, ಬಂದ ದಿನವೇ ಖಾಲಿ.

"ಬಿಲ್ಲೆ ಹೋಗ್ಲಿ," ಎಂದ ಅವನು, ದನಿ ಸ್ವಲ್ಪ ಇಳಿಸಿ. "ಎರಡನೇ ಬಾಕ್ಸ್ ಒಂದು ಬೇಕಿತ್ತು. ನನ್ನ ಹೆಸರು ಅಸ್ಕರ್. ಬಿ.ಸಿ. ರೋಡಿನಿಂದ ಬಂದದ್ದು."

ಅಸ್ಕರ್!

ರಾಫಿಯಾಳ ಕಿವಿ ಬಿಸಿಯಾಯಿತು. ಆಟಗಾರರ ವಾಟ್ಸಾಪ್ ಗುಂಪಿನಲ್ಲಿ ಬರೆದವನು ಇವನೇ! 'ವರ್ಷಗಟ್ಟಲೆ ಕಾಯಿಸುತ್ತಾರೆ, ಕೊನೆಗೆ ಖಾಲಿ ಅನ್ನುತ್ತಾರೆ. ಇವರಿಗೆ ಆಟ ಮಾಡಲು ಬರುವುದಿಲ್ಲ, ಜನರ ಆಸೆಯ ಜೊತೆ ಆಟ ಆಡಲು ಬರುತ್ತದೆ.' ಅದನ್ನು ಓದಿದ ದಿನ ಅವಳಿಗೆ ಅನ್ನ ಸೇರಿರಲಿಲ್ಲ.

'ನನ್ನ ಎರಡು ವರ್ಷದ ಬೆವರಿಗೆ ಎರಡು ಸಾಲಿನಲ್ಲಿ ಉಗಿದವನು... ಈಗ ನನ್ನ ಹತ್ತಿರವೇ ಬಂದ!'

"ಖಾಲಿ," ಎಂದಳು.

"ಒಂದೂ ಇಲ್ವಾ? ಡ್ಯಾಮೇಜ್ ಆದದ್ದಾದ್ರೂ ಅಡ್ಡಿ ಇಲ್ಲ. ಸ್ವಲ್ಪ ಅರ್ಜೆಂಟ್ ಇತ್ತು. ನನ್ನ ಫ್ರೆಂಡ್ ಒಬ್ಬ..."

"ಖಾಲಿ ಅಂದ್ರೆ ಖಾಲಿ. ಮುಂದಿನ ಮಳೆಗಾಲಕ್ಕೆ ನೋಡುವ."

ಅವಳ ಬೆನ್ನ ಹಿಂದೆ ಒಂದು ಹೂವಿನ ಪರದೆ. ಪರದೆಯ ಹಿಂದೆ ಕಪಾಟು. ಕಪಾಟಿನಲ್ಲಿ ಎರಡನೇ ಭಾಗದ ಮೂರು ಬಾಕ್ಸುಗಳು ಬೆಚ್ಚಗೆ ಕೂತಿದ್ದವು.

ಅಸ್ಕರ್ ಬಾಗಿದ ಬಿಲ್ಲೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಸಿಕೊಂಡು ಮೆಟ್ಟಿಲಿಳಿದ.

'ಹಾಗೇ ಆಗ್ಬೇಕು ಅವನಿಗೆ!' ಎಂದುಕೊಂಡಳು ರಾಫಿಯಾ. ಸೇಡು ತೀರಿಸಿಕೊಂಡ ಖುಷಿ ಆ ಸಂಜೆಯ ಚಹಾದವರೆಗೂ ಇತ್ತು.

ಆ ವಾರವೇ ಅವನ ಮೆಸೇಜ್ ಬಂತು. ಬೈಗುಳ ಇರಬಹುದೆಂದು ಸಿದ್ಧಳಾಗಿಯೇ ತೆರೆದಳು.

'ಮೆಟ್ಟಿಲು ಇಳಿಯುವಾಗ ನಿಮ್ಮ ಉಪ್ಪ ರವೂಫಾಕ ಸಿಕ್ಕಿದ್ರು. ಎಲ್ಲ ಕೆಲಸ ನೀವೊಬ್ಬರೇ ಮಾಡುವುದಂತೆ. ಯಾವುದೋ ಕಂಪೆನಿ ಅಂತ ತಿಳಿದು ಬಾಯಿಗೆ ಬಂದ ಹಾಗೆ ಬರೆದೆ. ನನ್ನದು ತಪ್ಪಾಯಿತು.'

ಅದೇ ಮಾತನ್ನು ಗುಂಪಿನಲ್ಲಿ ಎಲ್ಲರ ಎದುರೂ ಬರೆದಿದ್ದ!

ರಾಫಿಯಾ 'ಪರವಾಗಿಲ್ಲ' ಎಂದು ಟೈಪ್ ಮಾಡಿದಳು. ಅಳಿಸಿದಳು. ಮತ್ತೆ ಅದನ್ನೇ ಟೈಪ್ ಮಾಡಿ ಕಳಿಸಿದಳು. ಬಾಕ್ಸ್ ಇದೆ ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾಚಿಕೆ ಎನ್ನಿ, ಜಂಬ ಎನ್ನಿ.

ಅವನು ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು. ನಿಯಮಗಳಲ್ಲಿದ್ದ ಗೊಂದಲಗಳನ್ನು ಗುರುತು ಹಾಕಿ ಕಳಿಸಿದ. ಅದನ್ನು ಚರ್ಚಿಸಲು ಒಂದು ಭಾನುವಾರ ಬಂದ. ಮುಂದಿನ ಭಾನುವಾರ ಕಾರಣವಿಲ್ಲದೆ ಬಂದ. ಕೆಳಗೆ ರವೂಫ್ ಗಲ್ಲಾದಲ್ಲಿ ಕೂತಿರುತ್ತಿದ್ದರು, ತಾಯಿ ಸೈನಬ ಚಹಾದ ನೆಪದಲ್ಲಿ ಮಹಡಿಗೆ ಬಂದು ಹೋಗುತ್ತಿದ್ದರು.

"ಇದೆಂತ, ಒಂದೇ ಬದಿಗೆ ಕಾಗದ ಅಂಟಿಸಿದ್ರೆ ರಟ್ಟು ಬಾಗದೆ ಇರ್ತದಾ? ಹಿಂದೆಯೂ ಅಂಟಿಸುವ," ಎಂದ ಒಮ್ಮೆ.

"ಎರಡು ಪಟ್ಟು ಕೆಲಸ ಆಗ್ತದೆ ಮಾಸ್ಟ್ರೇ."

"ಆಗ್ಲಿ. ನಾನಿಲ್ವಾ?"

ನಾನಿಲ್ವಾ! ಅಷ್ಟೇ ಮಾತು. ರಾಫಿಯಾ ಅಂಟಿನ ಬ್ರಷ್ ಹಿಡಿದು ಪೆದ್ದಿಯಂತೆ ಕೂತುಬಿಟ್ಟಳು. ಆದರೆ ಅವನು ನೀರು ಕುಡಿಯಲು ಪರದೆಯ ಹತ್ತಿರ ಹೋದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಮೂರು ಬಾಕ್ಸುಗಳೂ ಅಲ್ಲೇ ಇದ್ದವು. ಮಾರಲು ಮನಸ್ಸು ಬರಲಿಲ್ಲ, ಕೊಡಲು ಧೈರ್ಯ ಬರಲಿಲ್ಲ.

ಮಳೆ ನಿಂತ ಮೇಲೆ ಒಂದು ದಿನ ರವೂಫ್ ಮಗಳನ್ನು ಕರೆದುಕೊಂಡು ರಟ್ಟು ತರಲು ಬಿ.ಸಿ. ರೋಡಿಗೆ ಹೋದರು. ಪೇಟೆಯಲ್ಲಿ ಸಿಕ್ಕಿದ ಅಸ್ಕರ್ ಬಿಡಲಿಲ್ಲ.

"ಇಷ್ಟು ದೂರ ಬಂದು ಮನೆಗೆ ಬಾರದೆ ಹೋಗುವುದಾ ರವೂಫಾಕ? ಉಮ್ಮ ನನ್ನನ್ನು ಬಿಟ್ಟಾರಾ?"

ಮನೆಗೆ ಹೋದರು. ಅವನ ತಾಯಿ ನಗುತ್ತಾ ಚಾಪೆ ಹಾಸಿದರು.

"ಕೆಳಗೆ ಕೂತ್ಕೊಳ್ಳಿ ಮಗಳೇ, ಬೇಜಾರ್ ಮಾಡ್ಬೇಡಿ. ಊಟದ ಟೇಬಲ್ ಉಂಟು, ಆದ್ರೆ ಅದು ನಮ್ಮದಲ್ಲ. ಅದರಲ್ಲಿ ಯುದ್ಧ ಉಂಟು!"

ರಾಫಿಯಾ ತಿರುಗಿ ನೋಡಿದಳು. ಊಟದ ಟೇಬಲ್ಲಿನ ಮೇಲೆ ಅವಳೇ ಬಿಡಿಸಿದ ನಕ್ಷೆ. ಅದರ ಮೇಲೆ ಅವಳದೇ ಬಾಗಿದ ಹಡಗುಗಳು, ಒಂದೊಂದಕ್ಕೂ ಭಾರಕ್ಕೆಂದು ಒಂದು ಹುಣಸೆಬೀಜ. ಎಲ್ಲದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ.

ಚಹಾ ಕುಡಿದು ರವೂಫ್ ಜಗಲಿಗೆ ಹೋದರು, ತಾಯಿ ಅಡುಗೆಮನೆಗೆ. ಅಸ್ಕರ್ ಟೇಬಲ್ಲಿನ ಹತ್ತಿರ ಬಂದ.

"ಇದು ನಾನೂ ಅಜ್ಮಲನೂ ಆಡಿದ್ದು. ಮದ್ರಸದಿಂದ ಒಟ್ಟಿಗೆ ಇದ್ದವರು ನಾವು. ಈಗ ಅವನು ಸೌದಿಯಲ್ಲಿ, ದಮಾಮಿನಲ್ಲಿ. ಇನ್ನು ಎರಡು ವರ್ಷ ರಜೆ ಇಲ್ಲ."

"ಯಾವಾಗ... ಹೋದದ್ದು?"

"ನಾನು ನಿಮ್ಮ ಅಂಗಡಿಗೆ ಬಂದೆ ಅಲ್ವಾ, ಅದರ ಮರುವಾರ. ಹೋಗುವ ಮೊದಲು ಇದೊಂದು ಮುಗಿಸುವ ಅಂತ ಇಬ್ಬರಿಗೂ ಆಸೆ. ಬಾಕ್ಸ್ ಸಿಗ್ಲಿಲ್ಲ. ಕೊನೆಯ ದಿನ ಇಬ್ಬರೂ ಈ ನಕ್ಷೆ ಎದುರು ಸುಮ್ಮನೆ ಕೂತೆವು." ಅಸ್ಕರ್ ಕಷ್ಟಪಟ್ಟು ನಕ್ಕ. "ನಿಮ್ಮದೆಂತ ತಪ್ಪು? ಖಾಲಿ ಆದ್ರೆ ನೀವಾದ್ರೂ ಎಲ್ಲಿಂದ ತರುವುದು?"

ಅಯ್ಯೋ!

ರಾಫಿಯಾಳಿಗೆ ಅಂಗಡಿಯ ಆ ದಿನ ನೆನಪಾಯಿತು. 'ಫ್ರೆಂಡ್ ಒಬ್ಬ' ಎಂದು ಶುರು ಮಾಡಿದ ಮಾತನ್ನು ಅವಳು ಮುಗಿಸಲೂ ಬಿಟ್ಟಿರಲಿಲ್ಲ.

"ಇನ್ನೊಂದು ವಿಷಯ," ಅಸ್ಕರ್ ದನಿ ತಗ್ಗಿಸಿದ. ಅವನ ಕಿವಿ ಕೆಂಪಾಗಿತ್ತು. "ಶುಕ್ರವಾರ ಜುಮಾ ಮುಗಿಸಿ ಉಮ್ಮ, ಮಾಮ ನಿಮ್ಮ ಮನೆಗೆ ಬರ್ತಾರೆ. ನಿಮ್ಮನ್ನು ಕೇಳ್ಲಿಕ್ಕೆ. ನಿಮಗೆ... ಒಪ್ಪಿಗೆ ಉಂಟಲ್ವಾ?"

ಯಾವ ಮಾತಿಗಾಗಿ ಎಷ್ಟೋ ಭಾನುವಾರ ಕಾದಿದ್ದಳೋ ಆ ಮಾತು! ಹೂಂ ಎಂದರೆ ಸಾಕು. ಹೊಸ ಮುದ್ರಣ ಬಂದಾಗ ಒಂದು ಬಾಕ್ಸ್ ಕೊಟ್ಟರೆ ಅವನಿಗೆ ಜನ್ಮದಲ್ಲಿ ಗೊತ್ತಾಗುವುದಿಲ್ಲ.

'ಗೊತ್ತಾಗುವುದಿಲ್ಲ... ಆದರೆ ಇವನು ನನ್ನನ್ನು ಒಳ್ಳೆಯವಳು ಅಂದಾಗಲೆಲ್ಲ ನಾನು ಮುಖ ಎಲ್ಲಿ ಇಡಲಿ?'

"ಬಾಕ್ಸ್ ಇತ್ತು," ಎಂದಳು.

"ಎಂತ?"

"ಅವತ್ತು ಖಾಲಿ ಆಗಿರ್ಲಿಲ್ಲ. ಪರದೆಯ ಹಿಂದೆ ಮೂರು ಇತ್ತು. ನೀವು ಗುಂಪಿನಲ್ಲಿ ಬರೆದದ್ದಕ್ಕೆ ಸಿಟ್ಟಿತ್ತು. ಬೇಕೂಂತಲೇ ಸುಳ್ಳು ಹೇಳಿದೆ. ಆಮೇಲೆ ನೀವು ಕ್ಷಮೆ ಕೇಳಿದಾಗಲೂ ಹೇಳ್ಲಿಲ್ಲ. ನಿಮ್ಮ ಫ್ರೆಂಡ್ ಊರಲ್ಲೇ ಇದ್ರು ಆಗ. ಆಗಲಾದ್ರೂ ಹೇಳಬಹುದಿತ್ತು..."

ಅಸ್ಕರ್ ಅವಳನ್ನೇ ನೋಡಿದ. ಬೈಯಲಿ, ಕಿರುಚಲಿ ಎಂದು ಅವಳು ಕಾದಳು. ಅವನು ಏನೂ ಹೇಳದೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟ.

ಮೂಡಬಿದಿರೆಗೆ ಹಿಂದಿರುಗುವ ದಾರಿಯಲ್ಲಿ ರಾಫಿಯಾ ಉಪ್ಪನಿಗೆ ಎಲ್ಲ ಹೇಳಿದಳು. ರವೂಫ್ ಗದರಲಿಲ್ಲ.

"ಅಂಗಡಿಯವನು ಇದ್ದ ಸಾಮಾನನ್ನು ಇಲ್ಲ ಅನ್ನಬಾರದು ಮಗಳೇ," ಎಂದರು. "ಗಿರಾಕಿ ನಮ್ಮ ಬಾಯಿ ನಂಬಿ ಬಂದದ್ದಲ್ವಾ?"

ಅದು ಪೆಟ್ಟಿಗಿಂತ ಹೆಚ್ಚು ನೋವಾಯಿತು.

ಮನೆಗೆ ಬಂದವಳೇ ಗುಂಪಿನಲ್ಲಿ ಬರೆದಳು. 'ಈ ಮಳೆಗಾಲ ಎರಡನೇ ಭಾಗ ಖಾಲಿ ಎಂದು ನಾನು ಒಬ್ಬರನ್ನು ವಾಪಸ್ ಕಳಿಸಿದೆ. ಆಗ ಬಾಕ್ಸ್ ಇತ್ತು. ಅವರು ನನ್ನ ಆಟವನ್ನು ಟೀಕಿಸಿದರು ಎಂಬ ಸಿಟ್ಟಿಗೆ ಸುಳ್ಳು ಹೇಳಿದೆ. ಅವರು ಬರೆದದ್ದು ಸರಿಯಾಗಿಯೇ ಇತ್ತು.' ಗುಂಪಿನಲ್ಲಿದ್ದ ಅಜ್ಮಲನಿಗೂ ಬೇರೆಯಾಗಿ ಒಂದು ವಾಯ್ಸ್ ಮೆಸೇಜ್ ಕಳಿಸಿದಳು. ಮಾತಿಗಿಂತ ಅಳುವೇ ಹೆಚ್ಚಿತ್ತು ಅದರಲ್ಲಿ.

ಗುಂಪು ಸುಮ್ಮನಿರುತ್ತದೆಯೇ? 'ಬಾಕ್ಸ್ ಬರುವ ದಿನ ಅಲಾರಂ ಇಟ್ಟು ಕಾದ ನಾವು ಮಂಗಗಳಾ?' 'ಇನ್ನು ಇವರ ಖಾಲಿಯನ್ನು ಹೇಗೆ ನಂಬುವುದು?' ರಾಫಿಯಾ ಒಂದಕ್ಕೂ ಎದುರುತ್ತರ ಕೊಡಲಿಲ್ಲ. ಎಲ್ಲವನ್ನೂ ಓದಿದಳು.

ಅಸ್ಕರ್ ಮಾತ್ರ ಏನೂ ಬರೆಯಲಿಲ್ಲ.

ಶುಕ್ರವಾರ ಬಂತು. ಜುಮಾ ಮುಗಿಯಿತು. ಯಾರೂ ಬರಲಿಲ್ಲ. ಸೈನಬ ತೊಳೆದಿಟ್ಟಿದ್ದ ಗಾಜಿನ ತಟ್ಟೆಗಳನ್ನು ಸದ್ದಿಲ್ಲದೆ ಒಳಗಿಟ್ಟರು. ಮಗಳ ತಲೆ ಸವರಿದರು, ಅಷ್ಟೇ.

'ನನಗೆ ಸಿಗಬೇಕಾದದ್ದೇ ಸಿಕ್ಕಿತು...'

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ರಾಫಿಯಾ ಮಹಡಿಯಲ್ಲಿ ರಟ್ಟಿಗೆ ಕಾಗದ ಅಂಟಿಸುತ್ತಿದ್ದಳು. ಬಾಗಿಲಲ್ಲಿ ನೆರಳು ಕಂಡಿತು.

ಅಸ್ಕರ್!

ಅವಳು ಎದ್ದು ನಿಂತಳು. ಕೈಯ ಅಂಟನ್ನು ಎಲ್ಲಿ ಒರೆಸಿಕೊಳ್ಳಬೇಕೆಂದೇ ತೋಚಲಿಲ್ಲ.

"ಅಜ್ಮಲ್ ಫೋನ್ ಮಾಡಿದ," ಎಂದ ಅವನು.

"ತುಂಬ ಬೈದ್ರಾ?"

"ಬೈದ. ನನ್ನನ್ನು. ಅವಳು ಊರಿಗೆಲ್ಲ ಕೇಳುವ ಹಾಗೆ ತಪ್ಪು ಒಪ್ಪಿಕೊಂಡ್ಳು, ನೀನು ಒಂದು ಮಾತು ಹೇಳದೆ ಹಿತ್ತಲಿಂದ ಓಡಿದ್ಯಲ್ಲ ಮಾರಾಯ ಅಂದ."

"ಅವರು ನನ್ನನ್ನು ಕ್ಷಮಿಸಿದ್ರಾ?"

"ಅವನು ಕ್ಷಮಿಸಿದ." ಅಸ್ಕರ್ ನೆಲ ನೋಡಿದ. "ನಾನು... ಇನ್ನೂ ಇಲ್ಲ."

"ಮತ್ತೆ ಯಾಕೆ ಬಂದದ್ದು?"

"ಸಿಟ್ಟೆಲ್ಲ ಹೋದ ಮೇಲೆ ಬರುವ ಅಂತಲೇ ಇದ್ದೆ. ಅದು ಹೋಗುವುದಿಲ್ಲ. ಆದ್ರೆ ಅಲ್ಲಿವರೆಗೆ ನಿಮ್ಮನ್ನು ನೋಡದೆ ಇರ್ಲಿಕ್ಕೂ ಆಗುವುದಿಲ್ಲ. ನಾನು ಎಂತ ಮಾಡುವುದು, ನೀವೇ ಹೇಳಿ!"

ಅವಳ ಕಣ್ಣೀರು ಧಾರೆಯಾಗಿ ಇಳಿಯಿತು. ಅಂಟಿನ ಕೈಯಲ್ಲಿ ಒರೆಸಿಕೊಳ್ಳಲೂ ಆಗಲಿಲ್ಲ. ಅಸ್ಕರ್ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ.

"ನಾನು ಕಾಯ್ತೇನೆ," ಎಂದಳು. "ಎಷ್ಟು ದಿನ ಆದ್ರೂ."

"ಸಿಟ್ಟು ಮದುವೆ ಆದ ಮೇಲೂ ಸ್ವಲ್ಪ ಉಳಿಯಬಹುದು."

"ಉಳೀಲಿ... ಎಂತ? ಎಂತ ಹೇಳಿದ್ರಿ?"

"ಉಮ್ಮ ಕೆಳಗೆ ನಿಮ್ಮ ಉಪ್ಪನ ಹತ್ತಿರ ಮಾತಾಡ್ತಾ ಇದ್ದಾರೆ."

"ಮೊದಲು ಅವರಿಗೆ ನಾನು ಮಾಡಿದ್ದು ಹೇಳ್ಬೇಕು. ಗೊತ್ತಾದ ಮೇಲೂ ಅವರು ಕೇಳಿದ್ರೆ ಮಾತ್ರ..."

"ನಾನು ಎಲ್ಲ ಹೇಳಿದ್ದೇನೆ. ಗೊತ್ತಿದ್ದೇ ಬಂದದ್ದು ಅವರು." ಅವನು ಬಾಗಿಲ ಕಡೆ ತಿರುಗಿದ, ಹೋಗದೆ ನಿಂತ. "ಬನ್ನಿ, ಒಟ್ಟಿಗೆ ಇಳಿಯುವ."

"ಸಿಟ್ಟು ಇರುವಾಗಲೇ?"

"ಸಿಟ್ಟು ಇರುವಾಗಲೇ," ಎಂದ ಅಸ್ಕರ್.