ಕೆಂಪಾದ ಬಿರುಕು

ಹಲಬರ್ಗಾದ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ದಿನವೇ ಉಗಿ ಪೈಪಿನಲ್ಲಿ ಬಿರುಕು ಕಂಡಿತು. ಕಂಡವನು ಫೋರ್‌ಮನ್ ಜಹೀರೋದ್ದೀನ. ಅವನು ಹಾಕಿದ ಕೂಗಿಗೆ ಭಾಲ್ಕಿಯ ಬಸ್ಸುಗಳೂ ಬ್ರೇಕ್ ಹಾಕಿದವಂತೆ!

“ಈ ಸೀಜನ್ ಪೂರಾ ತಡೀತದ ಅಂತ ಬರದು ಕೊಟ್ಟಾವ ದಾನಿಶ. ನೋಡ್ರಿ ಮೇಡಂ, ಹಳೀ ಬಿರುಕು! ಉಗಿ ಬಿಟ್ಟಿದ್ದರ ಹತ್ತು ಹೆಣ ಬೀಳ್ತಿದ್ವು.”

ದೂರಿನ ಮೇಲೆ ಬಂದಿದ್ದ ಪಿಎಸ್‌ಐ ಮಹಾಮಾಯಾ ದಾನಿಶನ ಕಡೆ ತಿರುಗಿದಳು. ಔರಾದದವನು. ಪೈಪುಗಳ ಆಯುಷ್ಯ ಹೇಳುವ ಇಂಜಿನಿಯರ್. ಈಗ ನೌಕರಿಯೂ ಹೋಗಿ ಜೈಲೂ ಕಾಣುವ ಹೊತ್ತು.

“ಆಯುಷ್ಯ ಹ್ಯಾಂಗ ಹೇಳ್ತಿ?”

“ಎರಡು ನೋಡ್ತೇನ್ರಿ. ಎಷ್ಟು ತಾಸು ಕಾದದ, ಎಷ್ಟು ಸಲ ಆರಿಸಿ ಮತ್ತ ಕಾಯಿಸ್ಯಾರ. ಕಾದೇ ಇದ್ದರ ಉಕ್ಕು ಮೆಲ್ಲಗ ಹಿಗ್ಗತದ. ಕಾಯೋದು ಆರೋದು ಆದರ ಸಣ್ಣಗ ಬಿರೀತದ. ಎರಡೂ ಕೂಡಿದರ ಲಗೂ ತಿಂದು ಹಾಕ್ತಾವ.”

ಮಹಾಮಾಯಾ ಪೈಪಿಗೆ ದಾರ ಸುತ್ತಿ ಅಳೆದಳು. ಬಿರುಕಿನ ಹತ್ತಿರವೂ ದೂರವೂ ಒಂದೇ ಅಳತೆ. ಕೂದಲಷ್ಟೂ ಹಿಗ್ಗಿರಲಿಲ್ಲ. ಬಿಸಿಗೆ ಬಿರಿದದ್ದಲ್ಲದಿದ್ದರೆ ಯಾರೋ ಕೊಯ್ದಿರಬೇಕು.

*

ಮೊದಲ ಗುಮಾನಿ ವೆಲ್ಡರ್ ಅಶ್ವಜಿತನ ಮೇಲೆ. ವಾರದ ಹಿಂದೆ ದಾನಿಶನ ಕಾಲರ್ ಹಿಡಿದಿದ್ದ.

“ಹಿಡದಿದ್ದೆ ಖರೇರಿ. ಹಂಗೇ ಜಾರಿ ಬಿದ್ದೆ.” ಪ್ಲಾಸ್ಟರ್ ಹಾಕಿದ ಬಲಗೈ ಎತ್ತಿದ. “ಈ ಕೈಲೆ ರೊಟ್ಟಿ ಮುರಿಯೋದೂ ಆಗವಲ್ದು, ಪೈಪ್ ಏನ ಕೊಯ್ಲಿ?”

ಅಷ್ಟರಲ್ಲಿ ಕಾರ್ಖಾನೆಯ ಧಣಿ ಬಂದ. ಜಹೀರೋದ್ದೀನನನ್ನು ದಾಟಿ ದಾನಿಶನ ಮುಂದೆ ನಿಂತ. “ನೀನೇ ಹೇಳಪಾ, ಏನಾತು?”

ಜಹೀರೋದ್ದೀನನ ದವಡೆ ಬಿಗಿಯಿತು. ಮಹಾಮಾಯಾ ಅದನ್ನು ನೋಡಿದಳು. ಹೋದ ತಿಂಗಳು ತನಗಿಂತ ಕಿರಿಯನಿಗೆ ಬಡ್ತಿ ಸಿಕ್ಕಾಗ ಕನ್ನಡಿಯಲ್ಲಿ ಅವಳು ಕಂಡದ್ದೂ ಇದೇ ಮುಖ.

*

ಬಿರುಕಿನೊಳಗೆ ಟಾರ್ಚ್ ಬಿಟ್ಟಳು. ಪೈಪಿನ ಹೊದಿಕೆಯಲ್ಲಿ ಚಿಟಿಕೆ ಮಣ್ಣು ಸಿಕ್ಕಿತು.

“ದಾನಿಶ, ಬಿಸಿಗೆ ಆದ ಹಳೀ ಬಿರುಕು ಒಳಗ ಯಾವ ಬಣ್ಣ?”

“ಕರ್ರಗ ಇರ್ತದ್ರಿ.”

“ಇದು ಕೆಂಪಗದ. ಫೋರ್‌ಮನ್ ಸಾಬ್, ಬೀದರದಾಗ ನಿಮ್ಮ ಅಣ್ಣಾರು ಬಿದ್ರಿ ಕೆಲಸ ಮಾಡ್ತಾರಲ್ಲ? ಹೂಜಿ ಕರೀ ಆಗಲಿಕ್ಕ ಏನ ತಿಕ್ತಾರ?”

“ಕಿಲ್ಲೇದ ಮಣ್ಣು, ನವಸಾಗರ...” ಅವನ ಕಣ್ಣು ಅವಳ ಬೆರಳಲ್ಲಿದ್ದ ಮಣ್ಣಿನ ಮೇಲೆ ಬಿತ್ತು.

“ನಾನೂ ಬೀದರದಾಕೀನೇ. ಗರಗಸಲೆ ಕೊಯ್ದಿರಿ. ಹೊಸಾ ಕೊಯ್ತ ಹೊಳೀತದ, ಹಳೀದರಂಗ ಕರೀ ಆಗಲಿ ಅಂತ ಅದೇ ಮಣ್ಣು ತಿಕ್ಕಿದಿರಿ. ಅದರಲೆ ಬಿದ್ರಿಯ ಸತು ಕರೀ ಆಗ್ತದ, ಸಾಬ್. ಉಕ್ಕಿಗೆ ತುಕ್ಕು ಹಿಡೀತದ.”

ಜಹೀರೋದ್ದೀನ ಬಾಯ್ಲರಿನ ಮೇಲೆ ಅಂಗೈ ಇಟ್ಟ. “ಇಪ್ಪತ್ತು ವರ್ಷ ಈ ಬಾಯ್ಲರಿಗೆ ಕಿವಿ ಹಚ್ಚಿ ಹೇಳ್ತಿದ್ದೆ, ಏನಾಗ್ಯದ ಅಂತ. ಇವ ಬಂದ ಎರಡು ವರ್ಷ ಆತು. ಧಣಿ ದಿನಾ ಮುಂಜಾನೆ ನನ್ನ ದಾಟೇ ಹೋಗ್ತಾನ. ದಿನಾ!”

ದಾನಿಶನ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ.

“ಒಳಗ ಎರಡು ವರ್ಷದ ಕಾವು. ಮ್ಯಾಲ ದಿನಾ ಒಂದು ಪೆಟ್ಟು,” ಎಂದ ಜಹೀರೋದ್ದೀನನನ್ನು ನೋಡುತ್ತ, ಮೆಲ್ಲಗೆ. “ಎಲ್ಲಾ ಪೈಪಿಂದೂ ಲೆಕ್ಕ ಇಟ್ಟೇನಿ ಮೇಡಂ. ಚಾಚಾಂದೊಂದು ಇಡಲಿಲ್ಲ.”