ಹೊಳೆಮುತ್ತೂರಿನ ಖಾಲಿ ಕಟ್ಟೆ

ಬೆಳಿಗ್ಗೆ ಆರೂವರೆಗೆ ಹೊಳೆಮುತ್ತೂರಿನ ಸ್ನಾನಘಟ್ಟದ ಕಲ್ಲಿನ ಮೇಲೆ ಒಂದು ಹಳದಿ ಸೀರೆ ಕಾಣಿಸಿಕೊಂಡಿತು. ಅದಕ್ಕೂ ಮುಂಚೆ ಅಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ನೀಲಿ ಸೀರೆ, ಆಮೇಲೆ ಎರಡು ಲುಂಗಿ, ಒಂದು ಮಗುವಿನ ಅಂಗಿ. ಯಾರೂ ಬಂದು ಹರವಿದ್ದು ಕಾಣಲಿಲ್ಲ. ಎಮ್ಮೆಗಳು ಸಾಲಾಗಿ ನೀರಿಗಿಳಿದವು, ಹಿಂದೆ ಅಟ್ಟುವವರಿಲ್ಲ. ಒಂದು ಆಟೊ ಬಂದು ನಿಂತಿತು. ಚಾಲಕನಿಲ್ಲ, ಹಿಂದಿನ ಸೀಟಿನಲ್ಲೂ ಯಾರಿಲ್ಲ. ಆದರೂ ನಿಂತ ಕೂಡಲೇ ಅದರ ಹಿಂಭಾಗ ನಾಲ್ಕು ಬೆರಳಷ್ಟು ಮೇಲೆದ್ದಿತು.

“ಮೂರು ಮಂದಿ ಇಳದ್ರು. ಒಬ್ರು ಭಾಳ ದಪ್ಪ ಅದಾರ,” ಎಂದ ಪ್ರಭುಲಿಂಗ ಹುಲ್ಲೂರ.

ಬಾಗಲಕೋಟೆಯ ತನ್ನ ಮನೆಯ ನಡುಮನೆಯಲ್ಲಿ, ಗೋಡೆಯಗಲದ ಪರದೆಯ ಮುಂದೆ ಕುಳಿತು ಅವನು ಈ ಮಾತು ಹೇಳಿದ್ದು ಯಾರಿಗೂ ಅಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಭಾಗ್ಯಶ್ರೀಗೆ ಕೇಳಿಸಿತು. ತನಗೆ ಹೇಳಿದ್ದಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಹಾಗಾಗಿ ಏನು ಎಂದು ಕೇಳಲಿಲ್ಲ.

ಅದು ಎರಡು ಸಾವಿರದ ಅರವತ್ತಮೂರನೇ ಇಸವಿ. ಒಪ್ಪಿಗೆಯಿಲ್ಲದೆ ಯಾರನ್ನೂ ಸಾರ್ವಜನಿಕ ಕ್ಯಾಮೆರಾ ತೋರಿಸಕೂಡದು ಎಂಬ ಕಾನೂನು ಬಂದು ಹದಿನಾಲ್ಕು ವರ್ಷವಾಗಿತ್ತು. ಮೊದಲು ಮುಖಗಳನ್ನು ಮಸುಕು ಮಾಡಿ ನೋಡಿದರು. ಜನ ನಡಿಗೆಯಿಂದಲೇ ಗುರುತು ಹಿಡಿದರು. ಇನ್ನು ಕ್ಯಾಮೆರಾಗಳನ್ನೆಲ್ಲ ಕಿತ್ತು ಮೂಲೆಗೆಸೆಯಬೇಕು ಅನ್ನುವಾಗ ಧಾರವಾಡದ ವಿಜ್ಞಾನಿ ಡಾ. ಸ್ಫೂರ್ತಿ ಯಲಿಗಾರ ಉಗುರಿನಗಲದ ಒಂದು ಬಿಲ್ಲೆ ಮಾಡಿಕೊಟ್ಟರು. ಅದರ ಹೆಸರು ‘ಮರೆ’. ಕ್ಯಾಮೆರಾದೊಳಗೆ ಕೂರುವ ಈ ಬಿಲ್ಲೆ ತನ್ನೆದುರಿನ ಜಾಗ ಜನರಿಲ್ಲದಾಗ ಹೇಗಿರುತ್ತದೆ ಎಂಬುದನ್ನು ಪ್ರತಿ ಗಳಿಗೆಯ ಬೆಳಕಿನಲ್ಲೂ ಕಲಿತಿರುತ್ತದೆ. ಮನುಷ್ಯರು ಬಂದರೆ ಅವರ ಮೈ, ಬಟ್ಟೆ, ನೆರಳು, ಕೈಯಲ್ಲಿ ಹಿಡಿದ ವಸ್ತು, ಇಷ್ಟನ್ನೂ ಕತ್ತರಿಸಿ, ಹಿಂದೆ ಇರುವ ಕಲ್ಲು, ನೀರು, ಗೋಡೆಯಿಂದ ಆ ಜಾಗ ತುಂಬುತ್ತದೆ. ಚಿತ್ರ ಕ್ಯಾಮೆರಾ ಬಿಟ್ಟು ಹೊರಡುವ ಮುಂಚೆಯೇ ಇದೆಲ್ಲ ಮುಗಿದಿರುತ್ತದೆ. ಅಸಲು ಚಿತ್ರ ಎಲ್ಲೂ ಉಳಿಯುವುದಿಲ್ಲ, ಪೊಲೀಸರಿಗೂ ಸಿಗುವುದಿಲ್ಲ.

ಕೈಯಿಂದ ಕೆಳಗಿಟ್ಟ ವಸ್ತು ಮಾತ್ರ ಕಾಣುತ್ತದೆ. ಮರೆಯ ಲೆಕ್ಕದಲ್ಲಿ ಅದು ಮನುಷ್ಯರದ್ದಲ್ಲ, ಜಾಗದ್ದು.

ಕ್ಯಾಮೆರಾಗಳಿಗೆ ಜನ ‘ಕಿಂಡಿ’ ಎನ್ನುತ್ತಿದ್ದರು. ಆಲಮಟ್ಟಿಯ ಅಣೆಕಟ್ಟಿನಿಂದ ಬಾದಾಮಿಯ ಗುಡ್ಡದವರೆಗೆ ಅರವತ್ತನಾಲ್ಕು ಕಿಂಡಿಗಳು. ಪ್ರಭುಲಿಂಗ ದಿನಕ್ಕೆ ಎರಡು ಸುತ್ತು ಅಷ್ಟನ್ನೂ ನೋಡುತ್ತಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದು ನಿವೃತ್ತನಾದವನು. ಗಾಡಿ ಎಷ್ಟು ತಗ್ಗಿದೆ ಎಂಬುದರ ಮೇಲೆ ಒಳಗೆಷ್ಟು ಮಂದಿ ಎಂದು ಹೇಳುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಕಿಂಡಿ ನೋಡುವವರ ಬಳಗದಲ್ಲಿ ಒಂಬೈನೂರು ಜನರಿದ್ದರು. ಕಾಣದ ಮನುಷ್ಯರನ್ನು ಅವರು ಬಿಟ್ಟ ಸುಳಿವಿನಿಂದ ಊಹಿಸುವುದು ಅವರ ಆಟ. ಆ ಆಟದಲ್ಲಿ ಪ್ರಭುಲಿಂಗನನ್ನು ಮೀರಿಸಿದವರಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ ಹಿಡಿದ ಚಟವಿದು. ಜನರಿಲ್ಲದ ಊರುಗಳು ಅವನಿಗೆ ಹಿಡಿಸಿದವು. ಯಾರಿಗೂ ಉತ್ತರ ಕೊಡಬೇಕಿಲ್ಲ, ಯಾರ ಮುಖವೂ ಬಾಡುವುದಿಲ್ಲ. ದಿನ ಹೋದ ಹಾಗೆ ಅವನಿಗೆ ದುಃಖವೂ ಆಗದಾಯಿತು, ಸಂತೋಷವೂ ಆಗದಾಯಿತು. ಇದನ್ನೇ ಅವನು ನೆಮ್ಮದಿ ಎಂದುಕೊಂಡಿದ್ದ. ಬಡಿಸಿದ್ದನ್ನು ಉಣ್ಣುತ್ತಿದ್ದ, ಬಡಿಸಿದ ಕೈಯನ್ನು ನೋಡುತ್ತಿರಲಿಲ್ಲ.

ಹೊಳೆಮುತ್ತೂರಿನ ಘಟ್ಟದಲ್ಲಿ ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ. ನಾಲ್ಕು ತಿಂಗಳಿಂದ ದಿನಾ ಮಧ್ಯಾಹ್ನ ಎರಡೂವರೆಗೆ ಆ ಕಟ್ಟೆಯ ಕೆಳಗೆ ಒಂದು ಜೊತೆ ಚಪ್ಪಲಿ ಕಾಣಿಸಿಕೊಳ್ಳುತ್ತಿತ್ತು. ಒಂದು ಕಂದು ನಾಯಿ ಬಂದು ಖಾಲಿ ಕಟ್ಟೆಯನ್ನು ತಲೆಯೆತ್ತಿ ನೋಡುತ್ತ ಬಾಲ ಅಲ್ಲಾಡಿಸುತ್ತಿತ್ತು. ಗಾಳಿಯಲ್ಲಿ ರೊಟ್ಟಿಯ ಚೂರು ಹುಟ್ಟಿ ಅದರ ಮುಂದೆ ಬೀಳುತ್ತಿತ್ತು. ನಾಲ್ಕಕ್ಕೆ ಚಪ್ಪಲಿ ಮಾಯವಾಗುತ್ತಿತ್ತು. ಪ್ರಭುಲಿಂಗ ಈ ಕಾಣದ ವ್ಯಕ್ತಿಗಾಗಿ ತನ್ನ ನೋಟುಬುಕ್ಕಿನಲ್ಲಿ ಹನ್ನೊಂದು ಪುಟ ಬರೆದಿದ್ದ. ಬಳಗದವರು ಅದನ್ನು ಓದಿ ಭೇಷ್ ಎಂದಿದ್ದರು.

ಆ ಕಟ್ಟೆಯ ಮೇಲೆ ಕೂರುತ್ತಿದ್ದವಳು ಭಾಗ್ಯಶ್ರೀ.

ಮೊದಲ ದಿನ ಅವಳು ಹೋದದ್ದು, ಇವರು ಇಡೀ ದಿನ ನೋಡುವ ಜಾಗವಾದರೂ ಹೇಗಿದೆ ಎಂದು. ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಮನೆಗೆ ಮರಳಿದಾಗ ಎಲ್ಲಿ ಹೋಗಿದ್ದೆ ಎಂದು ಅವನು ಕೇಳಲಿಲ್ಲ. ಮರುದಿನವೂ ಹೋದಳು. ಆಮೇಲೆ ಅದು ಪಂತವಾಯಿತು, ತನ್ನ ಜೊತೆ ತಾನೇ ಕಟ್ಟಿದ ಪಂತ. ಇಳಕಲ್ಲಿನಲ್ಲಿದ್ದ ಅವಳ ಅಕ್ಕ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು, ಬಂದು ಜೊತೆಗಿರು ಎಂದು ಕರೆಯುತ್ತಲೇ ಇದ್ದಳು. ದಸರೆಯ ಬನ್ನಿ ಹಬ್ಬದೊಳಗೆ ಇವರು ನನ್ನ ಚಪ್ಪಲಿಯ ಗುರುತು ಹಿಡಿದರೆ ಈ ಮನೆಯಲ್ಲಿರುತ್ತೇನೆ, ಇಲ್ಲದಿದ್ದರೆ ಅಕ್ಕನ ಮನೆಗೆ ಹೋಗುತ್ತೇನೆ ಎಂದು ಭಾಗ್ಯಶ್ರೀ ನಿಶ್ಚಯಿಸಿದ್ದಳು. ಮಕ್ಕಳಿರಲಿಲ್ಲ, ಹಿಡಿದು ನಿಲ್ಲಿಸುವವರು ಇನ್ನಾರೂ ಇರಲಿಲ್ಲ.

ಆ ಗುರುವಾರ ಬೆಳಿಗ್ಗೆ ಡಾ. ಯಲಿಗಾರ ಸ್ವತಃ ಅವರ ಮನೆಗೆ ಬಂದರು. ಐವತ್ತು ದಾಟಿದ, ಸಣಕಲು ಮೈಯ, ಮೆಲ್ಲಗೆ ಮಾತಾಡುವ ಹೆಂಗಸು. ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬಂದು ಕುಳಿತರು. ಪ್ರಭುಲಿಂಗ ತನ್ನ ಕುರ್ಚಿಯನ್ನು ಅವರ ಕಡೆ ತಿರುಗಿಸಿದ.

“ನೀವು ಬಳಗದವರು ಕಾಣದ ಮಂದೀನ್ನ ಹೆಂಗ ಗುರ್ತಾ ಹಿಡೀತೀರಿ, ಅದನ್ನ ತಿಳ್ಕೊಳ್ಳಾಕ ಬಂದೀನ್ರಿ,” ಎಂದರು ಅವರು. “ಹೋದ ತಿಂಗಳು ಒಂದು ಕಡೆ ಗ್ರಂಥಾಲಯದ ಮುಂದ ನಿಲ್ಲಿಸಿದ್ದ ಸೈಕಲ್ ನೋಡಿ, ಆಕಿ ಅಲ್ಲೇ ಅದಾಳ ಅಂತ ಒಂದು ಹುಡುಗಿಯ ಅಣ್ಣಂದಿರು ಹೋಗಿ ಆಕೀನ್ನ ಹೊಡದಾರ. ನಾ ಮಾಡಿದ ಬಿಲ್ಲೆ ಆಕೀನ್ನ ಮುಚ್ಚಿತ್ತು, ಸೈಕಲ್ ಮುಚ್ಚಿರಲಿಲ್ಲ. ಸೋಮವಾರ ಹೊಸದು ಹಾಕ್ತೀವಿ. ಒಡೆಯರು ಹತ್ತಿರ ಇರೋತನಕ ಅವರು ಕೆಳಗಿಟ್ಟ ಸಾಮಾನೂ ಕಾಣಂಗಿಲ್ಲ.”

“ಹಂಗಾದ್ರ ನಮ್ಮ ಆಟ ಮುಗೀತಲ್ರಿ ಮೇಡಂ,” ಎಂದ ಪ್ರಭುಲಿಂಗ. ಆದರೂ ಅವನಿಗೆ ಹೆಮ್ಮೆಯೇ ಆಗಿತ್ತು. ನೋಟುಬುಕ್ಕು ತೆಗೆದು ಹೊಳೆಮುತ್ತೂರಿನ ಪುಟಗಳನ್ನು ಓದಿದ.

“ಹೆಣ್ಣುಮಗಳು. ವಯಸ್ಸು ಐವತ್ತೈದರ ಮೇಲೆ. ಎಡ ಚಪ್ಪಲಿಯ ಹಿಮ್ಮಡಿ ಹೊರಬದಿಗೆ ಸವೆದಿದೆ, ಎಡ ಮೊಣಕಾಲು ನೋವಿರಬಹುದು. ಕೆಂಪು ಪಟ್ಟಿ, ಹಸಿರು ದಾರದಲ್ಲಿ ಹೊಲಿಸಿದ್ದು. ಚಪ್ಪಲಿಯನ್ನು ಯಾವಾಗಲೂ ಜೋಡಿಸಿ ಇಡುತ್ತಾರೆ, ಅಚ್ಚುಕಟ್ಟಿನವರು. ತಾವು ಮನೆಯಲ್ಲಿ ಉಂಡು ಉಳಿದ ರೊಟ್ಟಿ ತರುತ್ತಾರೆ. ದಿನಾ ಒಂದೂವರೆ ತಾಸು ಸುಮ್ಮನೆ ಕೂರುತ್ತಾರೆಂದರೆ ಮನೆಯಲ್ಲಿ ಮಾತಾಡಿಸುವವರು ಯಾರೂ ಇಲ್ಲವೇನೋ.”

ಹಸಿರು ದಾರ ಎಂದಾಗ ಡಾ. ಯಲಿಗಾರ ಬಾಗಿಲ ಕಡೆ ನೋಡಿದರು. ಒಳಗೆ ಬರುವಾಗ ತಮ್ಮ ಚಪ್ಪಲಿಯನ್ನು ಅವರು ಆ ಕೆಂಪು ಪಟ್ಟಿಯ ಜೊತೆಯ ಪಕ್ಕದಲ್ಲೇ ಬಿಟ್ಟಿದ್ದರು. ಪ್ರಭುಲಿಂಗನ ಬೆರಳು ಇನ್ನೂ ಪುಟದ ಮೇಲಿತ್ತು.

“ಯಾರಂತ ಗೊತ್ತಾತೇನ್ರಿ?” ಎಂದು ಕೇಳಿದರು.

“ಅದೊಂದು ಗೊತ್ತಾಗಿಲ್ರಿ. ಹೊರಗಿನವರು ಇರಬೇಕು.”

ಚಹಾದ ಕಪ್ಪು ಇಡುವ ನೆಪದಲ್ಲಿ ಡಾ. ಯಲಿಗಾರ ಅಡುಗೆಮನೆಗೆ ಹೋದರು. ಭಾಗ್ಯಶ್ರೀ ಮಧ್ಯಾಹ್ನಕ್ಕೆ ಒಂದು ರೊಟ್ಟಿಯನ್ನು ಕಾಗದದಲ್ಲಿ ಸುತ್ತುತ್ತಿದ್ದಳು.

“ಅಕ್ಕಾರ, ಆ ಕಟ್ಟಿ ಮ್ಯಾಲೆ ಕೂಡೋದು ನೀವ ಏನ್ರಿ?”

“ಹೌದ್ರಿ.” ಅವಳು ಸುತ್ತುವುದನ್ನು ನಿಲ್ಲಿಸಲಿಲ್ಲ. “ಆ ಹಸಿರ ದಾರ ಹಾಕಿಸ್ಕೊಂಡು ಬಂದವರು ನಮ್ಮ ಮನಿಯವರ. ಎರಡ ವರ್ಷ ಆತು. ಕೆಂಪ ದಾರ ಮುಗದಿತ್ತಂತ.”

“ನಾ ಹೇಳ್ಲೇನ್ರಿ ಅವರಿಗೆ?”

“ಬ್ಯಾಡ್ರಿ. ನೀವು ಹೇಳಿದ ಮ್ಯಾಲೆ ಕಂಡ್ರ, ಅದು ನೀವು ಕಂಡಂಗಾತು.” ಕಾಗದದ ತುದಿ ಮಡಚುತ್ತ ಕೇಳಿದಳು, “ಸೋಮವಾರದಿಂದ ಚಪ್ಪಲಿನೂ ಕಾಣಂಗಿಲ್ಲ ಅಂದ್ರೆಲ್ಲ, ಖರೇನ?”

“ಖರೇರಿ.”

“ಬನ್ನಿ ಹಬ್ಬದ ತನಕ ನೋಡಬೇಕಂತ ಮಾಡಿದ್ದೆ. ಇರ್ಲಿ, ರವಿವಾರಕ್ಕ ಮುಗಸ್ತೀನಿ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಡಾ. ಯಲಿಗಾರರಿಗೆ ಹೆದರಿಕೆ ಹುಟ್ಟಿಸಿತು.

ಧಾರವಾಡಕ್ಕೆ ಮರಳುವ ರೈಲಿನಲ್ಲಿ ಅವರು ವರದಿ ತುಂಬಲು ಕುಳಿತರು. ‘ಕೆಳಗಿಟ್ಟ ವಸ್ತುವಿನಿಂದ ಹತ್ತಿರದವರು ಗುರುತಿಸುವ ಸಾಧ್ಯತೆ, ಶೇಕಡಾ ಎಷ್ಟು?’ ಎಂಬ ಕಲಮಿತ್ತು. ಹೊಡೆಯಲು ಹುಡುಕುತ್ತಿದ್ದ ಅಣ್ಣಂದಿರಿಗೆ ಒಂದು ಸೈಕಲ್ ಸಾಕಾಗಿತ್ತು. ಮೂವತ್ತನಾಲ್ಕು ವರ್ಷ ಜೊತೆಗಿದ್ದವನಿಗೆ ಹನ್ನೊಂದು ಪುಟ ಬರೆದರೂ ಸಾಕಾಗಿರಲಿಲ್ಲ. ಎರಡನ್ನೂ ಕೂಡಿಸಿ ಒಂದು ಅಂಕಿ ಬರೆಯುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಆ ಕಲಮನ್ನು ಖಾಲಿ ಬಿಟ್ಟು ವರದಿ ಕಳಿಸಿದರು. ಆ ಹೆಣ್ಣುಮಗಳ ಮನೆಯ ವಿಷಯದಲ್ಲಿ ತಾನು ಸುಮ್ಮನೆ ಎದ್ದು ಬಂದೆನಲ್ಲ ಎಂದು ಅವರಿಗೆ ನಾಚಿಕೆಯಾಗಿತ್ತು, ಆದರೆ ಮಾಡಬಹುದಾದದ್ದು ಏನೂ ತೋಚಲಿಲ್ಲ.

ಭಾನುವಾರ ಭಾಗ್ಯಶ್ರೀ ಅಡುಗೆ ಮಾಡಿ ಮುಚ್ಚಿಟ್ಟಳು. ಬಟ್ಟೆಯ ಚೀಲ ಹೆಗಲಿಗೇರಿಸಿ ನಡುಮನೆಯಲ್ಲಿ ಬಂದು ನಿಂತಳು. “ಹೋಗಿ ಬರ್ತೀನ್ರಿ,” ಎಂದಳು. “ಹ್ಞೂಂ,” ಎಂದ ಪ್ರಭುಲಿಂಗ. ಪರದೆಯಲ್ಲಿ ಬಾದಾಮಿಯ ಕೆರೆಯಿತ್ತು.

ಎರಡೂವರೆಗೆ ಅವನು ಪರದೆಯಲ್ಲಿ ಹೊಳೆಮುತ್ತೂರಿನ ಕಿಂಡಿಗೆ ಬಂದ. ಚಪ್ಪಲಿ ಬಂತು, ನಾಯಿ ಬಂತು. ಇವತ್ತು ಚೂರಲ್ಲ, ಮೂರು ಇಡೀ ರೊಟ್ಟಿ ಒಂದರ ಹಿಂದೆ ಒಂದು ಬಿದ್ದವು. ಅವನು ಬರೆದುಕೊಂಡ: ‘ಇಂದು ರೊಟ್ಟಿ ಹೆಚ್ಚು. ಮನೆಯಲ್ಲಿ ಹಬ್ಬವೇ?’

ನಾಲ್ಕು ಗಂಟೆಗೆ ಭಾಗ್ಯಶ್ರೀ ಕಟ್ಟೆಯಿಂದ ಇಳಿದಳು. ಚಪ್ಪಲಿಯನ್ನು ಮೆಟ್ಟಿಕೊಳ್ಳಲಿಲ್ಲ, ಎರಡನ್ನೂ ಕಿಂಡಿಗೆ ಸರಿಯಾಗಿ ಕಾಣುವ ಹಾಗೆ ಕೆಳಗಿನ ಮೆಟ್ಟಿಲಿನ ಅಂಚಿನಲ್ಲಿ ಜೋಡಿಸಿಟ್ಟಳು. ಆಮೇಲೆ ಬರಿಗಾಲಲ್ಲಿ ಬಸ್ಸಿನ ಕಡೆ ನಡೆದಳು. ಬಸ್ಸು ಇಳಕಲ್ಲಿಗೆ ಹೊರಟಿತು. ಅವಳಿಗೆ ಅಳು ಬರಲಿಲ್ಲ. ಕಾಲಿಗೆ ಬಸ್ಸಿನ ತಗಡು ಬೆಚ್ಚಗೆ ತಾಗುತ್ತಿತ್ತು, ಅಷ್ಟೇ.

ಐದಾದರೂ ಚಪ್ಪಲಿ ಮೆಟ್ಟಿಲಿನ ಅಂಚಿನಲ್ಲೇ ಇದ್ದವು. ಹೊಳೆಯ ದಂಡೆಯಲ್ಲಿ ಚಪ್ಪಲಿ ಬಿಟ್ಟು ಯಾರಾದರೂ ಕಾಣೆಯಾದರೆ ಏನರ್ಥ ಎಂಬುದು ಎಲ್ಲರಿಗೂ ಗೊತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಪ್ರಭುಲಿಂಗನ ಎದೆ ಜೋರಾಗಿ ಹೊಡೆದುಕೊಂಡಿತು. ಘಟ್ಟದ ಪೊಲೀಸ್ ಚೌಕಿಗೆ ಫೋನು ಮಾಡಿದ. ಯಾರೋ ಹೆಣ್ಣುಮಗಳು ನೀರಿಗೆ ಬಿದ್ದಿರಬಹುದು, ನಾ ಈಗ ಬಂದೆ ಎಂದ. ಎದ್ದು ನಿಂತು, “ಭಾಗ್ಯಾ, ಸ್ವಲ್ಪ ಬಾ ಇಲ್ಲೆ, ನೋಡು,” ಎಂದು ಕರೆದ. ಅವಳನ್ನು ಹೀಗೆ ಪರದೆಯ ಮುಂದೆ ಕರೆದದ್ದೂ ಅದೇ ಮೊದಲು. ಅಡುಗೆಮನೆಗೆ ಹೋಗಿ ನೋಡಿದ, ಅವಳಿರಲಿಲ್ಲ. ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು.

ಹೊರಡಲೆಂದು ಬಾಗಿಲಿಗೆ ಬಂದು ತನ್ನ ಚಪ್ಪಲಿಗೆ ಕಾಲು ತೂರಿಸಿದ. ಪಕ್ಕದ ಜಾಗ ಬರಿದಾಗಿತ್ತು. ಅಲ್ಲಿ ಏನಿರುತ್ತಿತ್ತು ಎಂದು ನೆನಪಿಸಿಕೊಳ್ಳಲು ಅವನಿಗೆ ಒಂದು ಗಳಿಗೆ ಬೇಕಾಯಿತು. ನೆನಪಾದ ಮೇಲೆ ಅವನು ಗೋಡೆ ಹಿಡಿದುಕೊಂಡು ನಿಂತ. ಹೆದರಿಕೆಯೂ ನಿಂತುಹೋಗಿತ್ತು, ಒಳಗೆ ಏನೂ ಇರಲಿಲ್ಲ.

ಘಟ್ಟದಲ್ಲಿ ಅವನಿಗೆ ಮೊದಲು ಕಂಡದ್ದು ಜನ. ಕಡಲೆ ಮಾರುವವರು, ಬಟ್ಟೆ ಮಡಚುವವರು, ಎಮ್ಮೆಯವರು, ಕಿಂಡಿಯಲ್ಲಿ ಎಂದೂ ಕಾಣದ ಇಷ್ಟು ಮಂದಿ. ಹವಾಲ್ದಾರ ಇರ್ಫಾನ್ ನದಾಫ ಚಪ್ಪಲಿಯ ಪಕ್ಕ ನಿಂತು, ಕಾಣೆಯಾದವರ ವಿವರ ಬರೆಯುವ ಕಾಗದ ಹಿಡಿದಿದ್ದ. ವಯಸ್ಸಾದ ಮನುಷ್ಯ.

“ಯಾರ್ರಿ ಇವರು?”

“ನನ್ನ ಹೆಂಡ್ತಿ,” ಎಂದ ಪ್ರಭುಲಿಂಗ.

ನದಾಫ ಅವನನ್ನೊಮ್ಮೆ ನೋಡಿ ಹೆಸರು, ವಯಸ್ಸು ಬರೆದುಕೊಂಡ. “ಇವತ್ತ ಯಾವ ಸೀರಿ ಉಟ್ಟಿದ್ರು?”

ಪ್ರಭುಲಿಂಗ ಚಪ್ಪಲಿಯನ್ನೇ ನೋಡುತ್ತ ನಿಂತ.

“ಬಣ್ಣರ ಹೇಳ್ರಿ.”

ಅವನು ನೋಟುಬುಕ್ಕು ಬಿಚ್ಚಿದ. ಅವಳ ಬಗ್ಗೆ ಅವನಿಗೆ ಗೊತ್ತಿದ್ದದ್ದೆಲ್ಲ ಅದರಲ್ಲಿತ್ತು. ಎರಡೂವರೆಗೆ ಬರುತ್ತಾರೆ. ಎಡ ಮೊಣಕಾಲು ನೋವಿರಬಹುದು. ಅಚ್ಚುಕಟ್ಟಿನವರು. ಮನೆಯಲ್ಲಿ ಮಾತಾಡಿಸುವವರು ಯಾರೂ ಇಲ್ಲವೇನೋ. ಅಲ್ಲಿಗೆ ಬಂದು ಅವನು ಓದುವುದನ್ನು ನಿಲ್ಲಿಸಿದ.

“ನಾಯಿಗೆ ರೊಟ್ಟಿ ಹಾಕೋ ಅಕ್ಕಾರೇನ್ರಿ?” ನದಾಫನ ಮುಖ ಸಡಿಲವಾಯಿತು. “ಅವರು ಅರಾಮ ಅದಾರ್ರಿ. ನಾಲ್ಕರ ಇಳಕಲ್ ಬಸ್ ಹತ್ತಿದ್ರು. ನೇರಳೆ ಬಣ್ಣದ ಸೀರಿ. ಚಪ್ಪಲಿ ಇಲ್ಲೇ ಬಿಟ್ಟಾರಂತ ನನಗೆಲ್ಲಿ ಗೊತ್ತು? ದಿನಾ ನನ್ನ ಮಾತಾಡಿಸೇ ಹೋಗ್ತಿದ್ರು.”

ಪ್ರಭುಲಿಂಗ ಕಟ್ಟೆಯ ಮೇಲೆ ಕುಳಿತ. ಸಮಜಾಯಿಷಿ ಕೊಡುವವನಂತೆ, “ಆ ಕಿಂಡಿಯೊಳಗ ಮನಷ್ಯಾರು ಕಾಣಂಗಿಲ್ಲ ನೋಡ್ರಿ,” ಎಂದ.

ನದಾಫ ಪೆನ್ನಿಗೆ ಮುಚ್ಚಳ ಹಾಕಿದ.

“ಈ ಕಾಗದಾ ಬರಿಯಾಕತ್ತಿ ನನಗ ಮೂವತ್ತೊಂದು ವರ್ಷ ಆತ್ರಿ. ನಾ ಕೆಲಸಕ್ಕ ಸೇರಿದಾಗ ಮರೆ ಗಿರೆ ಏನೂ ಇರಲಿಲ್ಲ. ನನಗ ಕಲಿಸಿದ ಹಳೇ ಜಮಾದಾರ್ರು ಇಪ್ಪತ್ತೈದು, ಇಪ್ಪತ್ತಾರನೇ ಇಸವಿಯೊಳಗ ಬರದವರು. ಅವರೂ ಇದನ್ನ ಕೇಳ್ತಿದ್ರಂತ, ಯಾವ ಸೀರಿ ಉಟ್ಟಿದ್ರು ಅಂತ. ಅವಾಗೂ ಗಂಡಸ್ರು ಹಿಂಗ ಸುಮ್ಮ ನಿಂತಿರ್ತಿದ್ರಂತ್ರಿ.”